ಇಂದಿನ ಧಮ್ಮ ಚಿಂತನೆ: ಫೋನು ಹತ್ತದ ಕಾಡಿನಲ್ಲಿ



ಮುಂದಿನ ವಾರ ನಾಲ್ಕು ದಿನ ಕೆಲಸದ ಮೇಲೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಹೋಗುತ್ತಿದ್ದೇನೆ. ಕಾಡಿನೊಳಗೆ ಬಹಳ ಕಡೆ ಸಿಗ್ನಲ್ ಸಿಗುವುದಿಲ್ಲ. "ನಾನು ತಲೆ ಸುತ್ತಿ ಬಿದ್ರೆ ನಿಂಗೆ ಹೇಳೋರ್ಯಾರಪ್ಪಾ?" ಎಂದು ಅವ್ವ ಕೇಳಿದಳು. ಅವಳಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. 'ಏನೂ ಆಗಲ್ಲ ಬಿಡವ್ವ' ಎನ್ನುವುದು ಅದಕ್ಕೆ ಉತ್ತರವಲ್ಲ.

ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಕಾಡಿನಲ್ಲಿದ್ದ ಭಿಕ್ಖುಗಳ ಬಳಿಗೆ ಕಳ್ಳರು ಬಂದರು. ಕುಡಿಯಲು ನೀರಿದೆಯೇ? ಇಲ್ಲ. ಬೆಂಕಿ? ಇಲ್ಲ. ಇವತ್ತು ಚಂದ್ರ ಯಾವ ನಕ್ಷತ್ರದಲ್ಲಿದ್ದಾನೆ? ಗೊತ್ತಿಲ್ಲ. ಇದು ಯಾವ ದಿಕ್ಕು? ಅದೂ ಗೊತ್ತಿಲ್ಲ. 'ಇವರು ಭಿಕ್ಖುಗಳಲ್ಲ, ಕಳ್ಳರು' ಎಂದು ಹೊಡೆದು ಹೋದರು. (ಹೇಳಿದವರು ಕಳ್ಳರೇ, ನೆನಪಿರಲಿ!) ವಿಷಯ ತಿಳಿದ ಭಗವಾನ್ ಬುದ್ಧರು ಅರಣ್ಯವಾಸಿಗಳಿಗೆ ನಿಯಮ ಮಾಡಿದರು: ಕುಡಿಯುವ ನೀರು, ಬಳಸುವ ನೀರು, ಬೆಂಕಿ, ಊರುಗೋಲು ಇಟ್ಟುಕೊಂಡಿರಬೇಕು. ನಕ್ಷತ್ರಗಳನ್ನು ಪೂರ್ತಿಯಾಗಿಯೋ ಒಂದಿಷ್ಟಾದರೂವೋ ಕಲಿತಿರಬೇಕು, ದಿಕ್ಕು ಬಲ್ಲವರಾಗಿರಬೇಕು.

ಇಲ್ಲಿ ತಾಯಿತದ ಮಾತಿಲ್ಲ, ಮಂತ್ರದ ಮಾತಿಲ್ಲ. ಕಾಡಿಗೆ ಹೋದವನೂ ಬಂದವರಿಗೆ ನೀರು ಕೊಡಬಲ್ಲವನಾಗಿರಬೇಕು. ಭಿಕ್ಖು ಮನೆ ಬಿಡುತ್ತಾನೆಯೇ ಹೊರತು ಲೋಕ ಬಿಡುವುದಿಲ್ಲವೆಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಒತ್ತಿ ಹೇಳಿದ್ದು ಇದನ್ನೇ ಎಂದು ನನಗೆ ಅನ್ನಿಸುತ್ತದೆ.

ನನ್ನ ತಯಾರಿ ಇಷ್ಟು. ಕಾಡಿನ ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಂಡಿದ್ದೇನೆ. ಜಿಪಿಎಸ್ ಉಪಗ್ರಹದಿಂದ ನಡೆಯುವುದರಿಂದ ಟವರ್ ಇಲ್ಲದಿದ್ದರೂ ದಿಕ್ಕು ತಿಳಿಯುತ್ತದೆ. ಟವರ್ ಹುಡುಕುತ್ತಲೇ ಬ್ಯಾಟರಿ ಮುಗಿಯುತ್ತದೆ, ಹಾಗಾಗಿ ಫೋನು ಏರೋಪ್ಲೇನ್ ಮೋಡ್‌ನಲ್ಲಿರುತ್ತದೆ. ಮಾತು ಕೇಳದಷ್ಟು ಸಣ್ಣ ಸಿಗ್ನಲ್‌ನಲ್ಲೂ ಎಸ್ಸೆಮ್ಮೆಸ್ ಹೋಗಿಬಿಡುವುದುಂಟು. 112ಕ್ಕೆ ಬೇರೆ ಕಂಪನಿಯ ಟವರ್ ಇದ್ದರೂ ಸಾಕು, ಆದರೆ ಯಾವ ಟವರೂ ಇಲ್ಲದ ಕಡೆ ಅದೂ ಇಲ್ಲ. ಅಲ್ಲಿಂದಾಚೆಗೆ ಮನುಷ್ಯರೇ. ಶುಕ್ರವಾರ ಸಂಜೆ ಆರಕ್ಕೆ ಚೆಕ್‌ಪೋಸ್ಟ್ ದಾಟಿ ಫೋನು ಮಾಡುತ್ತೇನೆ, ಎಂಟಾದರೂ ಬರದಿದ್ದರೆ ಯಾರಿಗೆ ತಿಳಿಸಬೇಕೆಂದು ಬರೆದು ಕೊಟ್ಟಿದ್ದೇನೆ. ಎಂಟರವರೆಗೆ ಹೆದರುವುದು ಬೇಡವೆಂದು ಗೊತ್ತಾದ ಮೇಲೆ ಅವ್ವ ಸ್ವಲ್ಪ ನಿರಾಳವಾದಳು. ಇನ್ಸುಲಿನ್ ಅಳತೆ, ಪಕ್ಕದ ಮನೆ ಅಕ್ಕನ ನಂಬರ್, 108 ಗೋಡೆಯ ಮೇಲಿವೆ.

ಪೇಟೆಯವರು ಫೋನಿಲ್ಲದ ಎರಡು ದಿನಕ್ಕಾಗಿ ದುಡ್ಡು ಕೊಟ್ಟು ರೆಸಾರ್ಟಿಗೆ ಹೋಗುತ್ತಾರೆ. ಸೋಲಿಗರಿಗೆ ಅದು ರಜೆಯಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕು ಸಿಕ್ಕಿತು. ಆದರೂ ಸಿಗ್ನಲ್ ಇಲ್ಲದ ಪೋಡಿನಲ್ಲಿ ರಾತ್ರಿ ಹೆರಿಗೆ ನೋವು ಬಂದರೆ 108ಕ್ಕೆ ಹೇಳಲು ಯಾರಾದರೂ ಕತ್ತಲಲ್ಲಿ, ಆನೆ ಓಡಾಡುವ ದಾರಿಯಲ್ಲಿ ನಡೆಯಬೇಕು. ನನಗಿದು ನಾಲ್ಕು ದಿನ. ಅವ್ವನ ಪ್ರಶ್ನೆ ಅಲ್ಲಿ ಪ್ರತಿ ಮನೆಯಲ್ಲೂ ದಿನಾ ಇದೆ.

ಮಂಗಳವಾರ, ಬುಧವಾರ ಸಂಜೆ ಅವ್ವನನ್ನು ನೋಡಿ ಬರಲು ನಮ್ಮ ವಿಹಾರದ ಇಬ್ಬರು ಅಕ್ಕಂದಿರು ಒಪ್ಪಿದ್ದಾರೆ. ಗುರುವಾರ ಖಾಲಿ ಇದೆ. ಹೋಗಬಲ್ಲವರು ಕೆಳಗೆ ಹೆಸರು ಹಾಕಿ.

ಜೈ ಭೀಮ್.