ಜೋಳದ ರೊಟ್ಟಿಗೆ ತೊಗರಿ ಬೇಳೆಯೇ ಏಕೆ?

ನಮ್ಮ ಶರೀರದ ತೂಕದಲ್ಲಿ ಸುಮಾರು ಶೇಕಡಾ 96 ಭಾಗವು ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ ಎಂಬ ನಾಲ್ಕೇ ಮೂಲವಸ್ತುಗಳಿಂದಾಗಿದೆ. ಮಾಂಸಖಂಡಗಳನ್ನು ಕಟ್ಟುವ ಪ್ರೋಟೀನಿಗೆ ಸಾರಜನಕ ಬೇಕೇ ಬೇಕು. ಗಾಳಿಯಲ್ಲಿ ಅದು ಶೇಕಡಾ 78ರಷ್ಟಿದ್ದರೂ ಉಸಿರಾಟದ ಮೂಲಕ ನಾವದನ್ನು ಬಳಸಿಕೊಳ್ಳಲಾರೆವು.

ಯಾದಗಿರಿ, ಶಹಾಪುರ, ಸುರಪುರದ ಹೊಲಗಳಲ್ಲಿರುವ ತೊಗರಿಯನ್ನು ನೋಡಿರಿ. ಅದರ ಬೇರುಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಗಿಡವು ಅದರಿಂದ ಪ್ರೋಟೀನು ತಯಾರಿಸಿ ಕಾಳಿನಲ್ಲಿ ಕೂಡಿಡುತ್ತದೆ.

ಪ್ರೋಟೀನು 20 ಬಗೆಯ ಅಮೈನೋ ಆಮ್ಲಗಳಿಂದ ಆಗುತ್ತದೆ. ಅವುಗಳಲ್ಲಿ 9 ಆಹಾರದಿಂದಲೇ ಬರಬೇಕು. ಶರೀರವು ಅವನ್ನು ತಾನೇ ತಯಾರಿಸಲಾರದು. ಅವುಗಳಲ್ಲೊಂದಾದ ಲೈಸೀನ್ ಜೋಳದಲ್ಲಿ ಕಡಿಮೆ, ತೊಗರಿಯಲ್ಲಿ ಧಾರಾಳ. ಇನ್ನೊಂದಾದ ಮೆಥಿಯೊನಿನ್ ತೊಗರಿಯಲ್ಲಿ ಕಡಿಮೆ. ಆ ಕೊರತೆಯನ್ನು ಜೋಳ ನೀಗಿಸುತ್ತದೆ. ಒಂದೇ ಸೀಮೆಯ ಎರಡು ಬೆಳೆಗಳ ನಡುವಿನ ಈ ಹೊಂದಾಣಿಕೆಯು ಚಿಂತಿಸುವವರಿಗೊಂದು ಪಾಠವಾಗಿದೆ.

ಬರಿಯ ರೊಟ್ಟಿ ಮತ್ತು ಖಾರದಿಂದ ಮಗುವಿನ ಹೊಟ್ಟೆ ತುಂಬಬಹುದು. ಆದರೆ ಮೈ ಬೆಳೆಯಲು ಬೇಳೆಯೂ ಬೇಕು. ಅನುಕೂಲವಿದ್ದರೆ ಹಾಲು, ಮೊಟ್ಟೆ, ಮಾಂಸವೂ ಇರಲಿ. ಗಟ್ಟಿ ಬೇಳೆಯನ್ನು ಗಂಡುಮಕ್ಕಳಿಗೆ ಬಡಿಸಿ, ತಿಳಿಯನ್ನು ಹೆಣ್ಣುಮಕ್ಕಳಿಗೆ ಉಳಿಸುವುದು ನ್ಯಾಯವಲ್ಲ. ಇಬ್ಬರ ಶರೀರವೂ ಅಲ್ಲಾಹನು ನಮಗೆ ಒಪ್ಪಿಸಿರುವ ಅಮಾನತ್ತಾಗಿದೆ.