ಕತ್ತಿನ ಗೂಟ ಜರುಗಿದಾಗ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿರುವ ಹೆಲಿಕಾಪ್ಟರ್ ಕಾರ್ಖಾನೆಯ ಹೆಸರನ್ನು ಓದುಗರು ಕೇಳಿರಬಹುದು. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಈ ಕಾರ್ಖಾನೆ 2023ನೆಯ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ನೆತ್ತಿಯ ಮೇಲಿನ ಅಲಗುಗಳು ಸರಾಗವಾಗಿ ತಿರುಗಬೇಕು. ಆದರೆ ಅವನ್ನು ಹೊತ್ತ ಕಂಬ ತನ್ನ ನೆಲೆಯಿಂದ ಪಕ್ಕಕ್ಕೆ ಸರಿಯಕೂಡದು. ನಮ್ಮ ಮನೆಗಳ ಬೀಸುವ ಕಲ್ಲಿಗೂ ಇದೇ ಕಟ್ಟಳೆ ಉಂಟು. ಕೆಳಗಿನ ಕಲ್ಲಿನ ನಡುವೆ ನೆಟ್ಟ ಗೂಟದ ಸುತ್ತ ಮೇಲಿನ ಕಲ್ಲು ತಿರುಗುತ್ತದೆ. ಗೂಟ ಸಡಿಲವಾದರೆ ಕಲ್ಲು ಓಲಾಡುತ್ತದೆ. ಇಂಥದೇ ಒಂದು ಗೂಟ ನಮ್ಮ ಕತ್ತಿನ ಮೇಲ್ತುದಿಯಲ್ಲಿಯೂ ಇದೆ. ಅದರ ಕಟ್ಟು ಸಡಿಲವಾದರೆ ಪ್ರಾಣಕ್ಕೇ ಸಂಚಕಾರ.

ಕತ್ತಿನಲ್ಲಿ ಏಳು ಮಣಿಮೂಳೆಗಳಿವೆಯಷ್ಟೆ. ಮೊದಲನೆಯದು ಬಳೆಯಂತಿರುವ ಅಟ್ಲಾಸ್. ನಮ್ಮ ಆದಿಶೇಷ ಭೂಮಿಯನ್ನು ಹೊತ್ತಂತೆ ಆಕಾಶವನ್ನು ಹೊತ್ತವನೆಂದು ಗ್ರೀಕರು ಹೇಳುವ ದೈತ್ಯನ ಹೆಸರಿದು. ಎರಡನೆಯದಾದ ಆಕ್ಸಿಸ್ ಮೂಳೆಯಿಂದ ಹಲ್ಲಿನಾಕಾರದ ಗೂಟವೊಂದು ಮೇಲೆದ್ದು ಬಳೆಯ ಮುಂಭಾಗದೊಳಗೆ ನಿಲ್ಲುತ್ತದೆ. ಗೂಟ ಹಿಂದಕ್ಕೆ ಸರಿಯದಂತೆ ಬಲವಾದ ನಾರಿನ ಪಟ್ಟಿಯೊಂದು ಅಡ್ಡಲಾಗಿ ಬಿಗಿದಿದೆ. ಅದರ ಹಿಂದೆಯೇ ಮಿದುಳುಬಳ್ಳಿ, ಅಂದರೆ ಬೆನ್ನುಹುರಿ. ಬಳೆಯೊಳಗಿನ ಸ್ಥಳದಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೂಟಕ್ಕೆ, ಇನ್ನೊಂದು ಮಿದುಳುಬಳ್ಳಿಗೆ, ಉಳಿದೊಂದು ಬರಿದು. ಪ್ರಕೃತಿ ಇಟ್ಟಿರುವ ಮೀಸಲು ಅಷ್ಟೇ.

ವಯಸ್ಕರಲ್ಲಿ ಬಳೆಯ ಮುಂಗಮಾನಿಗೂ ಗೂಟಕ್ಕೂ ನಡುವಣ ಸಂದು ಸಾಮಾನ್ಯವಾಗಿ 3 ಮಿಲಿಮೀಟರನ್ನು ಮೀರದು. ಮರದಿಂದ ಬಿದ್ದೋ, ವಾಹನದ ಅಪಘಾತದಿಂದಲೋ, ಕೀಲುವಾತದಿಂದಲೋ, ಕ್ಷಯದಿಂದಲೋ, ಹುಟ್ಟಿನಿಂದ ಬಂದ ಮೂಳೆಯ ದೋಷದಿಂದಲೋ ಕಟ್ಟು ಕೆಟ್ಟರೆ ತಲೆಯೊಡನೆ ಬಳೆಯೂ ಮುಂದಕ್ಕೆ ಜಾರುತ್ತದೆ. ಆಗ ಮಿದುಳುಬಳ್ಳಿ ಮುಂದಿನ ಗೂಟಕ್ಕೂ ಹಿಂದಿನ ಕಮಾನಿಗೂ ನಡುವೆ ಅಡಕೆ ಕತ್ತರಿಯೊಳಗಿನ ಅಡಕೆಯಂತೆ ಸಿಕ್ಕಿಬೀಳುತ್ತದೆ. ಕೈಕಾಲುಗಳು ಸೋಲಬಹುದು, ಉಸಿರಾಟವೇ ನಿಲ್ಲಬಹುದು.

ಇದನ್ನು ಸರಿಪಡಿಸುವ ದಾರಿಗಳಲ್ಲಿ ಯಾವುದು ಮೇಲು? ಶಸ್ತ್ರವೈದ್ಯರು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ಜಾರಿದ ಮೂಳೆ ತನ್ನ ಸ್ಥಾನಕ್ಕೆ ಮರಳುತ್ತದೆಯೆ? ಎಚ್ಚರದಿಂದ ತೆಗೆದ ಎಕ್ಸ್‌ರೇ ಚಿತ್ರಗಳೂ, ತಲೆಗೆ ತೂಕ ಕಟ್ಟಿ ಎಳೆಯುವ ಕ್ರಮವೂ ಇದಕ್ಕೆ ಉತ್ತರ ಕೊಡುತ್ತವೆ. ಮರಳುವುದಾದರೆ ಹಿಂದಿನಿಂದ ಬಿಗಿದರೆ ಸಾಕು.

ಬಿಗಿಯುವ ಮೊದಲ ಯತ್ನ ಬಲು ಸರಳವಾಗಿತ್ತು. 1910ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಆಸ್‌ಗುಡ್ ಎಂಬವರು ಎರಡು ಮೂಳೆಗಳನ್ನು ರೇಷ್ಮೆ ದಾರದಿಂದ ಕಟ್ಟಿದ ಸಂಗತಿಯನ್ನು ವರದಿಮಾಡಿದರು. 1939ರಲ್ಲಿ ಕೆನಡಾದ ಗ್ಯಾಲೀ ತಂತಿಯ ಜೊತೆಗೆ ಮೂಳೆಯ ತುಂಡನ್ನೂ ಕೂಡಿಸುವ ಕ್ರಮವನ್ನು ವಿವರಿಸಿದರು. ಇಲ್ಲಿ ಭೌತವಿಜ್ಞಾನದ ಪಾಠವೊಂದಿದೆ. ತಂತಿ ಎಳೆತವನ್ನು ತಡೆಯಬಲ್ಲದು. ಒತ್ತಡವನ್ನಾಗಲಿ ತಿರುಚನ್ನಾಗಲಿ ಚೆನ್ನಾಗಿ ತಡೆಯಲಾರದು. ಹಗ್ಗದಿಂದ ಕಟ್ಟಿದ ಗೇಟು ತೆರೆಯದಿದ್ದರೂ ಅಲುಗಾಡುವುದನ್ನು ನಾವು ಕಂಡಿಲ್ಲವೆ? ಆದುದರಿಂದ ತಂತಿ ಕಟ್ಟಿದ ರೋಗಿ ತಿಂಗಳುಗಟ್ಟಲೆ ಹೊರಗಿನ ಬಿಗಿ ಕವಚವನ್ನೂ ತೊಡಬೇಕಾಗುತ್ತಿತ್ತು.

1987ರಲ್ಲಿ ಸ್ವಿಟ್ಸರ್ಲೆಂಡಿನ ಮಾಗರ್ಲ್ ಕೀಲಿನ ಮೂಲಕವೇ ಎರಡು ಮೂಳೆಗಳಿಗೂ ಸೇರಿದಂತೆ ತಿರುಪು ಹಾಕುವ ಕ್ರಮವನ್ನು ಪ್ರಕಟಿಸಿದರು. ಪಕ್ಕಕ್ಕೊಂದರಂತೆ ಎರಡು ತಿರುಪುಗಳು ತಿರುಚನ್ನು ಬಲವಾಗಿ ತಡೆಯುತ್ತವೆ. ಆದರೆ ಮೂಳೆ ಮೊದಲೇ ಸ್ಥಾನಕ್ಕೆ ಬಂದಿರಬೇಕು. ಮಿದುಳಿಗೆ ರಕ್ತ ಒಯ್ಯುವ ಕಶೇರು ಧಮನಿ ಆ ಹಾದಿಯ ಮಗ್ಗುಲಲ್ಲೇ ಇರುತ್ತದೆ. ಕೆಲವರಲ್ಲಿ ಧಮನಿಯ ತಿರುವು ಆ ಹಾದಿಯನ್ನೇ ಮುಚ್ಚಿಬಿಡುತ್ತದೆ.

ಮುಂಬಯಿಯ ಅತುಲ್ ಗೋಯೆಲ್ ಮತ್ತು ಲಾಹೇರಿ 1994ರಲ್ಲಿ ಬೇರೊಂದು ಮಾರ್ಗವನ್ನು ಪ್ರಕಟಿಸಿದರು. ಎರಡು ಮೂಳೆಗಳಿಗೂ ಬೇರೆಬೇರೆಯಾಗಿ ತಿರುಪು ಹಾಕಿ, ಲೋಹದ ಪಟ್ಟಿಯಿಂದ ಕೂಡಿಸುವುದು ಅದರ ಮರ್ಮ. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಮತ್ತು ಮೆಲ್ಚರ್ ಪಟ್ಟಿಯ ಬದಲು ಸರಳನ್ನು ಬಳಸಿದರು. ತಿರುಪುಗಳು ಬಿಡಿಯಾಗಿರುವುದರಿಂದ ಅವನ್ನೇ ಹಿಡಿಯಾಗಿಸಿ ಮೂಳೆಯನ್ನು ಮೇಜಿನ ಮೇಲೆಯೇ ಸ್ಥಾನಕ್ಕೆ ತರಲು ಅನುಕೂಲ. ಆದರೂ ಧಮನಿಯ ಭಯ ಪೂರ್ತಿ ತಪ್ಪದು. ಅಲ್ಲಿಯ ಅಭಿಧಮನಿಗಳ ಜಾಲದಿಂದ ರಕ್ತಸ್ರಾವವೂ ಆಗಬಹುದು.

ಮೂಳೆ ಮರಳದೆ ಗೂಟ ಮುಂದಿನಿಂದ ಒತ್ತುತ್ತಿದ್ದರೇನು ಮಾಡುವುದು? ಬಾಯಿಯೊಳಗಿಂದ, ಗಂಟಲ ಹಿಂಗೋಡೆಯನ್ನು ಬಿಡಿಸಿ ಅದನ್ನು ತಲಪಬಹುದು. ಹಾಂಗ್‌ಕಾಂಗಿನ ಫಾಂಗ್ ಮತ್ತು ಓಂಗ್ 1962ರಲ್ಲಿ ಈ ದಾರಿಯನ್ನು ವಿವರಿಸಿದರು. ಒತ್ತುವ ವಸ್ತುವನ್ನೇ ನೇರವಾಗಿ ತೆಗೆಯುವುದು ಇದರ ಗುಣ. ಬಾಯಿಯ ಕ್ರಿಮಿಗಳು ಗಾಯಕ್ಕೆ ಇಳಿಯಬಹುದೆಂಬುದೂ ಮಿದುಳುಬಳ್ಳಿಯ ದ್ರವ ಸೋರಬಹುದೆಂಬುದೂ ಇದರ ದೋಷ. ಗೂಟ ಹೋದ ಮೇಲೆ ಕೀಲು ಇನ್ನೂ ಸಡಿಲವಾಗುವುದರಿಂದ ಸಾಮಾನ್ಯವಾಗಿ ಹಿಂದಿನಿಂದ ಬಿಗಿಯುವುದೂ ತಪ್ಪದು. ಕೀಲುಗಳನ್ನು ಹಿಂದಿನಿಂದಲೇ ಬಿಡಿಸಿ ಸರಿಪಡಿಸುವ ವಿದ್ಯೆ ಬೆಳೆದಂತೆ ಬಾಯಿಯ ದಾರಿ ಹಿಡಿಯಬೇಕಾದ ರೋಗಿಗಳು ಕಡಿಮೆಯಾಗಿದ್ದಾರೆ.

ಹಾಗಾದರೆ ಎಲ್ಲರಿಗೂ ಒಪ್ಪುವ ಒಂದೇ ಉತ್ತಮ ಮಾರ್ಗವಿಲ್ಲ. ಕೀಲು ಮರಳುತ್ತದೆಯೆ, ಒತ್ತಡ ಎಲ್ಲಿಂದ, ಧಮನಿ ಎತ್ತ ಹರಿದಿದೆ, ಮೂಳೆ ತಿರುಪನ್ನು ಹಿಡಿಯುವಷ್ಟು ಗಟ್ಟಿಯೆ ಎಂಬ ನಾಲ್ಕು ಪ್ರಶ್ನೆಗಳ ಉತ್ತರವೇ ಮಾರ್ಗವನ್ನು ಆರಿಸುತ್ತದೆ. ಎಲ್ಲದರಲ್ಲಿಯೂ ಲೋಹ ಕೇವಲ ತಾತ್ಕಾಲಿಕ ಆಸರೆ. ಕಮಾನು ಕಟ್ಟುವಾಗ ಗಾರೆ ಒಣಗುವವರೆಗೆ ಕೊಡುವ ಮರದ ಊರುಗೋಲಿನಂತೆ ಅದು ನಿಲ್ಲುತ್ತದೆ. ಮೂಳೆ ಮೂಳೆಯೊಡನೆ ಬೆಸೆಯಬೇಕು. ಬೆಸೆಯದಿದ್ದರೆ ದಿನವೂ ಬಾಗುವ ಲೋಹ ದಣಿದು ಒಂದು ದಿನ ಮುರಿಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಕತ್ತಿನ ತಿರುಗುವಿಕೆಯಲ್ಲಿ ಸುಮಾರು ಅರ್ಧ ಈ ಒಂದೇ ಕೀಲಿನದು. ಬೆಸೆದ ಮೇಲೆ ಹಿಂದೆ ಬರುವ ಬಂಡಿಯನ್ನು ನೋಡಲು ಭುಜವನ್ನೂ ತಿರುಗಿಸಬೇಕಾದೀತು. ಪ್ರಾಣ ಮತ್ತು ಕೈಕಾಲುಗಳ ಶಕ್ತಿಗೆ ಹೋಲಿಸಿದರೆ ಈ ಬೆಲೆ ಅಲ್ಪವೇ ಸರಿ. ಆದರೂ ಅದನ್ನು ರೋಗಿಗೆ ಮೊದಲೇ ತಿಳಿಸುವುದು ನ್ಯಾಯ.

ಕೊನೆಗೊಂದು ಮಾತು. ಗುಬ್ಬಿಯ ಸುತ್ತಲೂ ತೆಂಗಿನ ತೋಟಗಳು. ಅಲ್ಲಿಂದ ಬೆಂಗಳೂರಿಗೆ ಸುಮಾರು 90 ಕಿಲೋಮೀಟರು. ನಿಮ್ಹಾನ್ಸ್‌ನಂಥ ನರಶಸ್ತ್ರಚಿಕಿತ್ಸೆಯ ದೊಡ್ಡ ಆಸ್ಪತ್ರೆಗಳಿರುವುದು ಅಲ್ಲಿ. ಮರದಿಂದ ಬಿದ್ದವನು ಅಲ್ಲಿಗೆ ಸೇರುವ ಮುನ್ನ ಅವನ ಮಿದುಳುಬಳ್ಳಿ ನಮ್ಮ ಕೈಯಲ್ಲಿರುತ್ತದೆ. ಅವನನ್ನು ಎತ್ತಿ ಕೂರಿಸಬಾರದು, ನೀರು ಕುಡಿಸಲೆಂದು ತಲೆ ಎತ್ತಬಾರದು, ಕತ್ತನ್ನು ನೀವಬಾರದು. 108ಕ್ಕೆ ಕರೆಮಾಡಿ, ಒಬ್ಬರು ಎರಡು ಕೈಗಳಿಂದಲೂ ತಲೆಯನ್ನು ಇದ್ದಂತೆಯೇ ಅಲುಗದ ಹಾಗೆ ಹಿಡಿದಿರಬೇಕು. ಸಾಗಿಸಲೇಬೇಕಾದರೆ ತಲೆ, ಕತ್ತು, ಮೈ ಒಂದೇ ಸಾಲಿನಲ್ಲಿರುವಂತೆ ಹಲವರು ಒಟ್ಟಾಗಿ ಹಲಗೆಯ ಮೇಲೆ ಮಲಗಿಸಬೇಕು. ಉಳಿದಿರುವ ಆ ಮೂರರಲ್ಲೊಂದು ಪಾಲಿನ ಮೀಸಲನ್ನು ಕಾಯುವುದೇ ಮೊದಲ ಚಿಕಿತ್ಸೆ.