ದುಡಿಮೆಯ ನೆಲ, ವಾಸದ ನೆಲ: ಮಲೆನಾಡಿನ ಪಟ್ಟಣಗಳಿಗೆ ಒಂದು ಪಾಠ

ಪಟ್ಟಣದ ಭೂಬಳಕೆ ಯೋಜನೆಯನ್ನು ಸಿದ್ಧಪಡಿಸುವಾಗ ಉದ್ಯೋಗ ದೊರೆಯುವ ಸ್ಥಳಕ್ಕೂ ಉದ್ಯೋಗಿಗಳು ವಾಸಿಸುವ ಸ್ಥಳಕ್ಕೂ ಹೊಂದಾಣಿಕೆ ಇರಬೇಕೆಂಬುದು ನಗರಯೋಜನಾ ಶಾಸ್ತ್ರದ ಒಂದು ಮುಖ್ಯ ತತ್ತ್ವ. ಇದನ್ನು ಉದ್ಯೋಗ–ವಸತಿ ಸಮತೋಲನ ಎನ್ನುತ್ತಾರೆ. ಇದು ಬೆಂಗಳೂರಿನಂತಹ ಮಹಾನಗರಕ್ಕಷ್ಟೇ ಸಂಬಂಧಿಸಿದ ವಿಷಯವೆಂದು ಭಾವಿಸುವುದು ಸರಿಯಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಕೆಲಸಗಾರರ ಅಭಾವವೆಂದು ನಾವು ಕರೆಯುವ ತೊಂದರೆಯಲ್ಲಿ ಒಂದು ಪಾಲು ವಸತಿಯ ಅಭಾವವೇ ಆಗಿರುತ್ತದೆ.

ಲೆಕ್ಕ ಹಾಕುವ ಬಗೆ

ಒಂದು ಪ್ರದೇಶದ ಉದ್ಯೋಗಗಳ ಸಂಖ್ಯೆಯನ್ನು ಅಲ್ಲಿನ ಮನೆಗಳ ಸಂಖ್ಯೆಯಿಂದ ಭಾಗಿಸಿದರೆ ಅನುಪಾತ ದೊರೆಯುತ್ತದೆ. ಪಟ್ಟಣವೊಂದರಲ್ಲಿ 1,200 ಉದ್ಯೋಗಗಳೂ 800 ಮನೆಗಳೂ ಇವೆಯೆಂದು ಊಹಿಸಿಕೊಳ್ಳೋಣ. ಅನುಪಾತ 1.5. ಮನೆಯೊಂದರಲ್ಲಿ ಒಬ್ಬರೋ ಇಬ್ಬರೋ ದುಡಿಯುವುದರಿಂದ ಇದು ಹಿತವಾಗಿಯೇ ಕಾಣುತ್ತದೆ. ಆದರೆ ಆ ಮನೆಗಳ ಬಾಡಿಗೆ ಸಹಾಯಕನೊಬ್ಬನ ಸಂಬಳಕ್ಕೆ ಎಟುಕದಿದ್ದರೆ ಸಮತೋಲನ ಕಾಗದದ ಮೇಲಷ್ಟೇ ಉಳಿಯುತ್ತದೆ. ಆದುದರಿಂದ ಸಂಖ್ಯೆಯೊಂದಿಗೆ ಸಂಬಳ ಮತ್ತು ಬಾಡಿಗೆಗಳ ಹೊಂದಿಕೆಯನ್ನೂ ನೋಡಬೇಕು.

ವಸತಿ ದೂರವಾದರೆ ಅದರ ವೆಚ್ಚ ಮಾಲೀಕನಿಗೂ ತಟ್ಟುತ್ತದೆ. ದಿನಕ್ಕೆ 60 ರೂಪಾಯಿ ಪ್ರಯಾಣ ವೆಚ್ಚವಾದರೆ, 25 ದಿನಗಳಿಗೆ 1,500 ರೂಪಾಯಿ. 20 ಮಂದಿ ದುಡಿಯುವ ಘಟಕದಲ್ಲಿ ತಿಂಗಳಿಗೆ 30,000 ರೂಪಾಯಿ. ಅದನ್ನು ಮಾಲೀಕನು ಸಂಬಳದಲ್ಲಿ ತುಂಬಿಕೊಡಬೇಕು, ಇಲ್ಲವೇ ಕೆಲಸಗಾರನನ್ನು ಕಳೆದುಕೊಳ್ಳಬೇಕು.

ಮೂರು ಪಟ್ಟಣಗಳ ನೆಲ

ನಮ್ಮಲ್ಲಿ ನೆಲವೇ ಮಿತವಾದುದು. ಶೃಂಗೇರಿ ತುಂಗಾ ನದಿಯ ದಡದಲ್ಲಿ ಗುಡ್ಡಗಳ ನಡುವೆ ಇದೆ. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರದ ಪಕ್ಕದಲ್ಲೇ ಭದ್ರಾ ಜಲಾಶಯದ ಹಿನ್ನೀರಿದೆ. ಕೊಪ್ಪದ ಸುತ್ತ ಅಡಿಕೆ, ಕಾಫಿ ತೋಟಗಳಿವೆ. ಅರಣ್ಯ, ಇಳಿಜಾರು, ಗದ್ದೆಗಳನ್ನು ಬಿಟ್ಟರೆ ಕಟ್ಟಲು ಉಳಿಯುವ ಜಾಗ ಕಡಿಮೆ.

ಬೇಡಿಕೆಯ ಸ್ವರೂಪವೂ ಒಂದೇ ಅಲ್ಲ. ಶೃಂಗೇರಿಯಲ್ಲಿ ಯಾತ್ರಿಕರ ವಸತಿಗೃಹಗಳೂ ಅಲ್ಲಿ ದುಡಿಯುವವರ ಮನೆಗಳೂ ಅದೇ ನೆಲಕ್ಕೆ ಪೈಪೋಟಿ ನಡೆಸುತ್ತವೆ. ಅಡಿಕೆ ಸುಲಿಯುವ, ಕಾಫಿ ಕೊಯ್ಯುವ ಕಾಲದಲ್ಲಿ ಹೊರಗಿನಿಂದ ಬರುವವರಿಗೆ ಕೆಲವು ತಿಂಗಳ ವಸತಿ ಸಾಕು. ನಿವೇಶನಗಳನ್ನು ಮಾರುವ ಬಡಾವಣೆಗಳು ಇವರಾರ ಅಗತ್ಯವನ್ನೂ ನೀಗಿಸುವುದಿಲ್ಲ. ಇವರಿಗೆ ಬೇಕಾದುದು ಸಣ್ಣ ಬಾಡಿಗೆ ಮನೆ.

ಎರಡು ಹಳೆಯ ಮಾದರಿಗಳು

ಉದ್ಯೋಗದೊಂದಿಗೇ ಮನೆ ಕೊಡುವ ಪದ್ಧತಿ ಮಲೆನಾಡಿಗೆ ಹೊಸದಲ್ಲ. ತೋಟದ ಲೈನ್ ಮನೆಗಳನ್ನು ಎಲ್ಲರೂ ಬಲ್ಲರು. 1951ರ ತೋಟ ಕಾರ್ಮಿಕರ ಕಾಯ್ದೆಯು ದೊಡ್ಡ ತೋಟಗಳ ಮಾಲೀಕರ ಮೇಲೆ ವಸತಿಯ ಹೊಣೆಯನ್ನು ಹೊರಿಸಿತು. ದಾರಿಯ ದೂರ ಇಲ್ಲವಾಯಿತು, ನಿಜ. ಆದರೆ ಕೆಲಸ ಬಿಟ್ಟವನು ಮನೆಯನ್ನೂ ಬಿಡಬೇಕಾಯಿತು.

ಶೃಂಗೇರಿಗೆ ಸಮೀಪದ ಕುದುರೆಮುಖ ಇನ್ನೂ ದೊಡ್ಡ ಉದಾಹರಣೆ. 1976ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರು ಕಂಪನಿಯು ಗಣಿಯ ಜೊತೆಯಲ್ಲೇ ಉದ್ಯೋಗಿಗಳ ಪಟ್ಟಣವನ್ನೂ ಕಟ್ಟಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು; ಮನೆಗಳು ಬರಿದಾದವು; ಆ ಜನರನ್ನೇ ನಂಬಿದ್ದ ಅಂಗಡಿಗಳೂ ಸೊರಗಿದವು. ಒಬ್ಬನೇ ಉದ್ಯೋಗದಾತನನ್ನು ಆಧರಿಸಿದ ಸಮತೋಲನ ಬಾಳುವುದಿಲ್ಲವೆಂಬುದೇ ಇದರ ಪಾಠ. ಹಲವು ಸಣ್ಣ ಉದ್ದಿಮೆಗಳ ನಡಿಗೆಯ ದೂರದಲ್ಲಿ, ಯಾವ ಉದ್ದಿಮೆಗೂ ಸೇರದ ಬಾಡಿಗೆ ಮನೆಗಳಿರುವುದು ಹೆಚ್ಚು ಭದ್ರ. ಅಲ್ಲಿ ಒಂದು ಘಟಕ ಮುಚ್ಚಿದರೂ ಕುಟುಂಬ ಊರು ಬಿಡಬೇಕಾಗಿಲ್ಲ.

ಕಾನೂನಿನಲ್ಲಿರುವ ಅವಕಾಶ

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಹಾಯೋಜನೆಯು ವಾಸ, ವಾಣಿಜ್ಯ, ಕೈಗಾರಿಕೆ ಮೊದಲಾದ ವಲಯಗಳನ್ನು ಗುರುತಿಸುತ್ತದೆ. ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ, ಸಲಹೆಗಳನ್ನು ಸಲ್ಲಿಸಬಹುದು. ವಲಯ ವಿಂಗಡಣೆಯೆಂದರೆ ದುಡಿಮೆಯನ್ನು ಮನೆಯಿಂದ ಪೂರ್ತಿ ಬೇರ್ಪಡಿಸುವುದಲ್ಲ. ಹೊಗೆ, ಸದ್ದು, ಭಾರಿ ವಾಹನಗಳ ಉಪದ್ರವವುಳ್ಳ ಘಟಕಗಳು ದೂರವಿರಬೇಕು. ಹಿಟ್ಟಿನ ಗಿರಣಿ, ಹೊಲಿಗೆ, ಬೇಕರಿಯಂತಹ ಸೇವಾ ಉದ್ದಿಮೆಗಳಿಗೆ ಗೊತ್ತುಪಡಿಸಿದ ಅಶ್ವಶಕ್ತಿಯ ಮಿತಿಯೊಳಗೆ ವಾಸದ ವಲಯದಲ್ಲೂ ಅವಕಾಶ ನೀಡುವುದು ವಲಯ ನಿಯಮಗಳಲ್ಲಿ ರೂಢಿಯಲ್ಲಿದೆ.

ಸದಸ್ಯರು ಮಾಡಬಹುದಾದುದು

1. ತಮ್ಮ ಕೆಲಸಗಾರರು ಎಲ್ಲಿಂದ ಬರುತ್ತಾರೆ, ಬಾಡಿಗೆ ಎಷ್ಟು, ಪ್ರಯಾಣ ವೆಚ್ಚ ಎಷ್ಟು ಎಂಬುದನ್ನು ಬರೆದಿಡುವುದು. ಯೋಜನಾಧಿಕಾರಿಗಳ ಮುಂದೆ ಮನವಿಗಿಂತ ಈ ಅಂಕಿಗಳಿಗೆ ತೂಕ ಹೆಚ್ಚು.

2. ಹೊಸ ಘಟಕಕ್ಕೆ ಜಮೀನು ಕೊಳ್ಳುವ ಮುನ್ನ ವಲಯ, ಭೂಪರಿವರ್ತನೆ, ಅರಣ್ಯದ ಗಡಿಗಳ ಜೊತೆಗೆ ಹತ್ತಿರದ ವಸತಿ ಮತ್ತು ಬಸ್ಸಿನ ವೇಳೆಯನ್ನೂ ವಿಚಾರಿಸುವುದು.

3. ವಾಣಿಜ್ಯ ಬೀದಿಗಳಲ್ಲಿ ಕೆಳಗೆ ಮಳಿಗೆ, ಮೇಲೆ ಬಾಡಿಗೆ ಮನೆ ಎಂಬ ರೀತಿಯ ಮಿಶ್ರಬಳಕೆಗೆ ಪಟ್ಟಣ ಪಂಚಾಯಿತಿಯ ಮುಂದೆ ಒಟ್ಟಾಗಿ ಬೇಡಿಕೆಯಿಡುವುದು.

4. ಕೈಗಾರಿಕೆಗೆ ನೆಲ ಕೇಳುವಾಗ ಅದೇ ಅರ್ಜಿಯಲ್ಲಿ ಬಾಡಿಗೆ ವಸತಿಗೂ ನೆಲ ಕೇಳುವುದು.

ಕೈಗಾರಿಕೆಗೆ ನೆಲ ದೊರೆತರೆ ಅರ್ಧ ಕೆಲಸವಾದಂತೆ. ಅಲ್ಲಿ ದುಡಿಯುವವರಿಗೆ ಸಮೀಪದಲ್ಲೇ ಮನೆ ದೊರೆತಾಗ ಉಳಿದರ್ಧವೂ ಪೂರ್ಣವಾಗುತ್ತದೆ.